ಮರಣ ದಾಖಲೆಯಲ್ಲಿ ನಮ್ಮ ಹಿರಿಯರು

(ಶಿವಮೊಗ್ಗದಲ್ಲಿ ಮನೆತನದ ಚರಿತ್ರೆಯ ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಹಿರಿಯರೇ, ಸ್ನೇಹಿತರೇ,

ನನ್ನ ತಂದೆಗೆ ಒಬ್ಬ ಅಕ್ಕ ಇದ್ದರು. ಸೊರಬ ತಾಲ್ಲೂಕಿನ ಒಂದು ಹಳ್ಳಿಗೆ ಮದುವೆಯಾಗಿ ಹೋಗಿ, ಒಂದು ಹೆಣ್ಣು ಕೂಸನ್ನು ಬಿಟ್ಟು, ಸಣ್ಣ ವಯಸ್ಸಿನಲ್ಲೇ ತೀರಿಕೊಂಡರು ಎನ್ನುವಷ್ಟೇ ನಮ್ಮ ಮನೆಯಲ್ಲಿ ಉಳಿದಿದ್ದ ಸುದ್ದಿ. ತಂದೆ ತಮ್ಮ ಕೊನೆಯ ದಿನದವರೆಗೂ ಅವರ ವಿಷಯ ಬಂದಾಗಲೆಲ್ಲ ‘ಅಕ್ಕ’ ಎಂದೇ ಹೇಳಿದರು. ಅಕ್ಕನಿಗೊಂದು ಹೆಸರಿತ್ತಲ್ಲವೇ, ಅದನ್ನು ಕೇಳಿಟ್ಟುಕೊಳ್ಳಬೇಕಲ್ಲವೇ ಎಂದು ನಮಗೆ ಹೊಳೆಯುವ ಹೊತ್ತಿಗೆ ತಂದೆಯೂ ಇರಲಿಲ್ಲ. ಯಾವ ವರ್ಷ ಸತ್ತರು ಎಂದರೆ ‘ಮಂಗ ಸತ್ತು ಬೀಳ್ತಿದ್ದ ವರ್ಷ’. ಯಾವ ತಿಂಗಳು ಎಂದರೆ ‘ಶಿವರಾತ್ರಿಗೆ ಇನ್ನೂ ವಾರವಿತ್ತು’. ಗೇಣಿಗೆ ಗದ್ದೆ ಮಾಡಿಕೊಂಡಿದ್ದ ನಮ್ಮ ಮನೆಯಲ್ಲಿ ಪಂಚಾಂಗ ಇರಲಿಲ್ಲ. ಹಿರಿಯರ ಹಬ್ಬದ ದಿನ ಸತ್ತವರೆಲ್ಲರಿಗೂ ಒಟ್ಟಿಗೆ ಎಡೆ ಇಡುತ್ತಿದ್ದೆವು, ಆದ್ದರಿಂದ ಒಬ್ಬೊಬ್ಬರ ತಿಥಿಯನ್ನು ನೆನಪಿಡುವ ಅಗತ್ಯವೂ ಬೀಳಲಿಲ್ಲ.

ಇಷ್ಟನ್ನು ಮಾತ್ರ ಇಟ್ಟುಕೊಂಡು ನಾನು ಒಂದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯ ಬಾಗಿಲಿಗೆ ಹೋದೆ. ಅಲ್ಲಿ ನನಗೆ ಏನು ಸಿಕ್ಕಿತು, ಏನು ಸಿಗಲಿಲ್ಲ, ಕಾನೂನಿನ ಪ್ರಕಾರ ಏನು ಸಿಗಬೇಕು ಎನ್ನುವುದೇ ಈ ಹೊತ್ತಿನ ಮಾತು.

ಮೊದಲು ಕಾನೂನನ್ನು ನೋಡೋಣ. ಜನನ ಮತ್ತು ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ನಮ್ಮ ರಾಜ್ಯದಲ್ಲಿ ಅದು 1970ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಸಾವಾದ 21 ದಿನಗಳೊಳಗೆ ವರದಿ ಮಾಡಬೇಕು ಎನ್ನುವ ನಿಯಮ ಎಲ್ಲರಿಗೂ ತಿಳಿದಿರುತ್ತದೆ. ಆದರೆ ಅದೇ ಕಾಯ್ದೆಯ 17ನೇ ಕಲಂ ಬಹಳ ಜನರ ಕಣ್ಣಿಗೆ ಬಿದ್ದಿಲ್ಲ. ನಿಗದಿತ ಶುಲ್ಕ ಕಟ್ಟಿದ ಯಾವುದೇ ವ್ಯಕ್ತಿ ಜನನ ಅಥವಾ ಮರಣದ ರಿಜಿಸ್ಟರಿನಲ್ಲಿರುವ ಒಂದು ನಮೂದನ್ನು ನೋಂದಣಾಧಿಕಾರಿಯಿಂದ ಹುಡುಕಿಸಬಹುದು ಮತ್ತು ಮರಣದ ಪ್ರಮಾಣಪತ್ರವನ್ನು (2023ರ ತಿದ್ದುಪಡಿಗೆ ಮುಂಚೆ, ನಮೂದಿನ ನಕಲನ್ನು) ಪಡೆಯಬಹುದು ಎಂದು ಅದು ಹೇಳುತ್ತದೆ. ‘ಯಾವುದೇ ವ್ಯಕ್ತಿ’ ಎಂಬ ಎರಡು ಪದಗಳನ್ನು ನೀವು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮಗನೇ ಆಗಿರಬೇಕು, ವಾರಸುದಾರನೇ ಆಗಿರಬೇಕು, ಜಮೀನಿನ ವ್ಯವಹಾರ ಇರಬೇಕು ಎಂದು ಆ ಕಲಂ ಕೇಳುವುದಿಲ್ಲ. ನಾನು ಅರ್ಜಿ ಕೊಟ್ಟಾಗ ಗುಮಾಸ್ತರು ಮೊದಲು ಕೇಳಿದ್ದೇ ‘ಇದು ಯಾವ ಕೆಲಸಕ್ಕೆ ಬೇಕು ಮೇಷ್ಟ್ರೇ, ಪೌತಿ ಖಾತೆಗೋ?’ ಎಂದು. ‘ಅಲ್ಲ, ನಮ್ಮ ಅತ್ತೆಯ ಹೆಸರು ತಿಳಿದುಕೊಳ್ಳಬೇಕಿತ್ತು’ ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಅರ್ಜಿಯನ್ನು ಇಟ್ಟುಕೊಂಡರು.

ಆ ಪ್ರಶ್ನೆಯಲ್ಲಿ ಅವರ ತಪ್ಪೇನೂ ಇರಲಿಲ್ಲ. ನಮ್ಮ ಕಚೇರಿಗಳಿಗೆ ಮರಣದ ದಾಖಲೆ ಎಂದರೆ ಆಸ್ತಿಯ ದಾಖಲೆಯೇ. ‘ಪೌತಿ’ ಎನ್ನುವ ಮಾತೇ ಸಾವು ಎಂಬರ್ಥದ ‘ಫೌತ್’ನಿಂದ ಬಂದದ್ದು, ಆದರೆ ಇಂದು ಅದನ್ನು ಕೇಳಿದರೆ ಯಾರಿಗೂ ಸಾವು ನೆನಪಾಗುವುದಿಲ್ಲ, ಖಾತೆ ಬದಲಾವಣೆ ನೆನಪಾಗುತ್ತದೆ. ಜಮೀನಿದ್ದವರ ಮನೆಯಲ್ಲಿ ಒಬ್ಬರು ತೀರಿಕೊಂಡರೆ ಪಹಣಿಯಲ್ಲಿ ಹೆಸರು ಬದಲಾಗಬೇಕು, ಮ್ಯುಟೇಷನ್ ಆಗಬೇಕು, ವಂಶವೃಕ್ಷ ಬರೆಸಬೇಕು, ಪಾಲುಪಟ್ಟಿ ಆಗಬೇಕು. ಅಂತಹ ಮನೆತನದ ಚರಿತ್ರೆ ಬರೆಯ ಹೊರಟವರಿಗೆ ಒಂದು ಕಾಗದ ಸಿಗದಿದ್ದರೆ ಇನ್ನೊಂದು ಸಿಗುತ್ತದೆ. ಸಾವನ್ನು ಆಗ ಬರೆಸದೇ ಬಿಟ್ಟಿದ್ದರೂ, ಇಪ್ಪತ್ತು ಮೂವತ್ತು ವರ್ಷದ ಮೇಲೆ ಖಾತೆಯ ಅಗತ್ಯ ಬಿದ್ದಾಗ ಮ್ಯಾಜಿಸ್ಟ್ರೇಟರ ಆದೇಶ ತಂದು ತಡವಾಗಿ ನೋಂದಾಯಿಸುತ್ತಾರೆ.

ಗೇಣಿದಾರನಿಗೆ, ಜೀತದಲ್ಲಿದ್ದವನಿಗೆ, ತೋಟದ ಕೂಲಿಗೆ ಇದಾವುದೂ ಇಲ್ಲ. ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ನಡೆದದ್ದು 1951ರಲ್ಲಿ; ಉಳುವವನಿಗೆ ಭೂಮಿ ಕೊಡುವ ಭೂಸುಧಾರಣಾ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಅದಕ್ಕೆ ಮುಂಚೆ ಸತ್ತ ನಮ್ಮಂಥವರ ಮನೆಯ ಅಜ್ಜ ಅಜ್ಜಿಯರ ಹೆಸರು ಯಾವ ಪಹಣಿಯಲ್ಲಿ ಸಿಗಬೇಕು? ಜನಗಣತಿಯ ಹಾಳೆಗಳಲ್ಲಿ ಹೆಸರಿರುತ್ತಿತ್ತು, ನಿಜ. ಆದರೆ 1948ರ ಜನಗಣತಿ ಕಾಯ್ದೆಯ 15ನೇ ಕಲಂ ಆ ಹಾಳೆಗಳನ್ನು ಸಾರ್ವಜನಿಕರು ನೋಡುವ ಹಾಗಿಲ್ಲ ಎನ್ನುತ್ತದೆ. ಹಾಗಾಗಿ ಸರ್ಕಾರ ಇಟ್ಟ ಪುಸ್ತಕಗಳ ಪೈಕಿ ಭೂಮಿ ಇಲ್ಲದವರನ್ನೂ, ಓದು ಬರಹ ಇಲ್ಲದವರನ್ನೂ, ಮದುವೆಯಾಗಿ ಬಂದು ಹೆತ್ತು ಸತ್ತ ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕಂಡು ಬರೆದ ಪುಸ್ತಕ ಹೆಚ್ಚು ಕಡಿಮೆ ಇದೊಂದೇ. ಅವರ ಪಾಲಿಗೆ ಇಡೀ ಆಡಳಿತ ಬರೆದದ್ದು ಒಂದು ಸಾಲು. ಆ ಸಾಲು ಇರುವುದು ಮರಣದ ರಿಜಿಸ್ಟರಿನಲ್ಲಿ. ಅದನ್ನು ಕೇಳುವ ಹಕ್ಕು ಹವ್ಯಾಸಿಗಳ ಹಕ್ಕು ಎಂದು ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ನೋವಾಗುವುದು ಇದಕ್ಕೆ.

ಇಲ್ಲಿ ಒಂದು ಹೋಲಿಕೆ ಹೇಳಿ ಮುಂದೆ ಹೋಗುತ್ತೇನೆ. ಚಿಕ್ಕಮಗಳೂರು, ಕೊಡಗಿನ ಕಡೆ ಕಾಫಿ ತೋಟ ಮಾಡಿದ ಇಂಗ್ಲಿಷರಿದ್ದರಲ್ಲ, ಅವರು ಇಲ್ಲಿ ಸತ್ತಾಗ ಚರ್ಚಿನ ಸಮಾಧಿ ರಿಜಿಸ್ಟರಿನಲ್ಲಿ ಬರೆದ ನಮೂದಿನ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಆ ಪ್ರತಿಗಳು ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವುಗಳ ಸೂಚಿ ಸಿದ್ಧವಾಗಿದೆ, ಬಹಳಷ್ಟನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ನೋಡಬಹುದು. ಇಂಗ್ಲೆಂಡಿನಲ್ಲಿ 1837ರ ಜುಲೈನಿಂದ ಮರಣ ನೋಂದಣಿ ನಡೆದಿದೆ ಮತ್ತು ಅದರ ಸೂಚಿ ಎಲ್ಲರಿಗೂ ತೆರೆದಿದೆ. ಹೀಗಾಗಿ ತೋಟದ ಧಣಿಯ ಮರಿಮೊಮ್ಮಗ ಐದು ಸಾವಿರ ಮೈಲಿ ದೂರದಲ್ಲಿ ಒಂದು ಸಂಜೆ ಕುಳಿತು ತನ್ನ ಮುತ್ತಜ್ಜ ಸತ್ತ ದಿನವನ್ನು ಕಂಡುಕೊಳ್ಳುತ್ತಾನೆ. ಅದೇ ತೋಟದಲ್ಲಿ ಗಿಡ ನೆಟ್ಟವನ ಮರಿಮೊಮ್ಮಗ ಅದೇ ಊರಿನಲ್ಲಿ ಇದ್ದುಕೊಂಡು ತನ್ನ ಮುತ್ತಜ್ಜನ ಹೆಸರನ್ನೂ ಕಂಡುಕೊಳ್ಳಲಾರ. ಇದು ಸರಿಯಲ್ಲ.

ನಮ್ಮ ಪುಸ್ತಕಗಳು ಎಲ್ಲಿವೆ ಎಂದು ತಿಳಿಯಬೇಕಾದರೆ ಮಲೆನಾಡು ಯಾರ ಯಾರ ಕೈಯಲ್ಲಿತ್ತು ಎನ್ನುವುದನ್ನು ಸ್ವಲ್ಪ ನೆನಪು ಮಾಡಿಕೊಳ್ಳಬೇಕು. ಶಿವಮೊಗ್ಗ ಮತ್ತು ಆಗ ಕಡೂರು ಎಂದು ಕರೆಯುತ್ತಿದ್ದ ಚಿಕ್ಕಮಗಳೂರು ಜಿಲ್ಲೆ ಮೈಸೂರು ಸಂಸ್ಥಾನದಲ್ಲಿದ್ದವು. ಸಿದ್ದಾಪುರ, ಶಿರಸಿ ಇರುವ ಉತ್ತರ ಕನ್ನಡ 1862ರಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಘಟ್ಟದ ಕೆಳಗಿನ ಕುಂದಾಪುರ, ಉಡುಪಿ ಮದ್ರಾಸಿನವು. ಕೊಡಗು ಬೇರೆಯೇ. ಸಾಗರದ ಹುಡುಗಿಯನ್ನು ಸಿದ್ದಾಪುರಕ್ಕೆ ಕೊಡುವುದು, ತೀರ್ಥಹಳ್ಳಿಗೆ ಘಟ್ಟದ ಕೆಳಗಿನಿಂದ ಹೆಣ್ಣು ತರುವುದು ನಮ್ಮಲ್ಲಿ ನಿತ್ಯದ ಸಂಗತಿ. ಹದಿನೈದು ಮೈಲಿಯಾಚೆ ಮದುವೆಯಾಗಿ ಹೋದ ಹೆಣ್ಣುಮಗಳು 1956ಕ್ಕೆ ಮುಂಚೆ ಸತ್ತಿದ್ದರೆ ಅವಳ ಸಾವು ಬೇರೆಯೇ ಸರ್ಕಾರದ, ಬೇರೆಯೇ ನಮೂನೆಯ ಪುಸ್ತಕದಲ್ಲಿ ಬರೆಯಲ್ಪಟ್ಟಿರುತ್ತದೆ.

ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇದನ್ನು ನೋಡಿಕೊಳ್ಳುತ್ತಿದ್ದವರು ಪಟೇಲರು, ಶಾನುಭೋಗರು. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾಗಿ, 1963ರಿಂದ ಗ್ರಾಮ ಲೆಕ್ಕಿಗರು ಬಂದರು. ಹಳೆಯ ಶಾನುಭೋಗರ ಮೋಡಿ ಬರಹವನ್ನು ಓದುವುದಕ್ಕೆ ಅಭ್ಯಾಸ ಬೇಕು. ತಲೆಕಟ್ಟು, ಒತ್ತು ಎಲ್ಲವೂ ಒಂದೇ ಎಳೆಯಲ್ಲಿ ಸಾಗಿರುತ್ತವೆ. ‘ಬಿನ್’ ಎಂದರೆ ಇಂಥವನ ಮಗ, ‘ಕೋಂ’ ಎಂದರೆ ಇಂಥವನ ಹೆಂಡತಿ ಎನ್ನುವುದು ಗೊತ್ತಿದ್ದರೆ ಅರ್ಧ ದಾರಿ ಸವೆದಂತೆ.

ಈಗಿನ ನಿಯಮದ ಪ್ರಕಾರ ನೋಂದಣಾಧಿಕಾರಿ ಒಂದು ವರ್ಷದ ರಿಜಿಸ್ಟರನ್ನು ಆ ವರ್ಷ ಮುಗಿದ ಮೇಲೆ 12 ತಿಂಗಳು ತನ್ನಲ್ಲಿ ಇಟ್ಟುಕೊಂಡು, ಅನಂತರ ಸುರಕ್ಷಿತ ಸಂಗ್ರಹಕ್ಕೆ ಒಪ್ಪಿಸಬೇಕು. ಹಳೆಯ ಪುಸ್ತಕಗಳಿಗಾಗಿ ನಾವು ಹಳ್ಳಿಗೆ ಹೋಗದೆ ತಾಲ್ಲೂಕು ಕಚೇರಿಗೆ ಹೋಗುವುದು ಈ ಕಾರಣಕ್ಕೆ. ಅದೇ ನಿಯಮಗಳು ಇನ್ನೊಂದು ಮಾತನ್ನೂ ಹೇಳುತ್ತವೆ: ಮರಣದ ರಿಜಿಸ್ಟರು ಶಾಶ್ವತ ಮಹತ್ವದ ದಾಖಲೆ, ಅದನ್ನು ನಾಶ ಮಾಡತಕ್ಕದ್ದಲ್ಲ. ಆದ್ದರಿಂದ ‘ಹಳೇದೆಲ್ಲ ತೆಗೆದು ಹಾಕಿದ್ದಾರೆ’ ಎಂಬ ಬಾಯಿಮಾತಿನ ಉತ್ತರ ಬಂದರೆ ಅದನ್ನು ಒಪ್ಪಿಕೊಂಡು ಹಿಂದಿರುಗಬೇಡಿ. ನಮೂದು ಸಿಗದಿದ್ದರೆ ಸಿಗಲಿಲ್ಲವೆಂದು ಬರವಣಿಗೆಯಲ್ಲಿ, ಅಲಭ್ಯತೆಯ ಪ್ರಮಾಣಪತ್ರವಾಗಿ ಕೊಡಬೇಕು. ಆ ಪತ್ರವನ್ನು ಬರೆಯಬೇಕಾದಾಗ ಎಷ್ಟೋ ಸಲ ಪುಸ್ತಕ ಸಿಕ್ಕಿಬಿಡುತ್ತದೆ. ಮಳೆಗಾಲದಲ್ಲಿ ನೂರಾರು ಅಂಗುಲ ಮಳೆ ಬೀಳುವ ಸೀಮೆಯಲ್ಲಿ, ಹೆಂಚಿನ ಮಾಡಿನ ಕಟ್ಟಡಗಳಲ್ಲಿ, ಗೆದ್ದಲು ಮತ್ತು ತೇವದ ನಡುವೆ ಈ ಗಂಟುಗಳು ಇಷ್ಟಾದರೂ ಉಳಿದಿರುವುದಕ್ಕೆ ಅವನ್ನು ಕಟ್ಟಿಟ್ಟ ಹೆಸರಿಲ್ಲದ ನೌಕರರಿಗೆ ನಾವು ಋಣಿಗಳು.

ಹುಡುಕುವ ಶುಲ್ಕ ವರ್ಷದ ಲೆಕ್ಕದಲ್ಲಿ ಬೀಳುತ್ತದೆ, ಅದಕ್ಕಿಂತ ಮುಖ್ಯವಾಗಿ ಹುಡುಕುವವರ ಶ್ರಮವೂ ವರ್ಷದ ಲೆಕ್ಕದಲ್ಲೇ ಬೀಳುತ್ತದೆ. ಆದ್ದರಿಂದ ವರ್ಷವನ್ನು ಮನೆಯಲ್ಲೇ ಕಿರಿದು ಮಾಡಿಕೊಂಡು ಹೋಗಬೇಕು. ತಿಥಿ ಇಟ್ಟುಕೊಂಡ ಮನೆಯವರಿಗೆ ಇದು ಸುಲಭ: ಸಂವತ್ಸರದ ಹೆಸರು ಗೊತ್ತಿದ್ದರೆ ಅದು ಅರವತ್ತು ವರ್ಷಕ್ಕೊಮ್ಮೆ ಮಾತ್ರ ಬರುವುದರಿಂದ ತಪ್ಪಾಗುವುದು ಕಡಿಮೆ. ‘ಕಾಳಯುಕ್ತಿ ಸಂವತ್ಸರದ ಆಶ್ವಯುಜ’ ಎಂದು ಅಜ್ಜಿ ಹೇಳಿದರೆ ಅದು 1918ರ ಅಕ್ಟೋಬರ್ ಆಸುಪಾಸು. ಇನ್‌ಫ್ಲುಯೆಂಜಾ ಮನೆ ಮನೆಯನ್ನು ಗುಡಿಸಿ ಹಾಕಿದ ಕಾಲ ಅದು. ಆ ತಿಂಗಳಲ್ಲಿ ಒಂದೇ ಮನೆಯಲ್ಲಿ ಮೂರು ನಾಲ್ಕು ತಿಥಿಗಳಿದ್ದರೆ ಕಾರಣವನ್ನು ಬೇರೆ ಕೇಳಬೇಕಾಗಿಲ್ಲ.

ನನಗೆ ಸಂವತ್ಸರ ಇರಲಿಲ್ಲ, ಮಂಗ ಇತ್ತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಸುತ್ತಲ ಹಳ್ಳಿಗಳ ಜನ ಜ್ವರದಿಂದ ಸಾಯುತ್ತಿದ್ದಾರೆ ಎಂಬ ಸುದ್ದಿಯ ಜಾಡು ಹಿಡಿದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದದ್ದು 1957ರ ಮಾರ್ಚ್ ಹೊತ್ತಿಗೆ. ಮೊದಲು ಹಳದಿ ಜ್ವರವೋ ಎಂದು ಶಂಕಿಸಿದರು. ಆಮೇಲೆ ಉಣುಗಿನಿಂದ ಹರಡುವ ಹೊಸ ವೈರಸ್ ಎಂದು ಗೊತ್ತಾಗಿ, ಕಾಯಿಲೆಗೆ ಆ ಕಾಡಿನ ಹೆಸರೇ ನಿಂತಿತು. ನಾವು ಅದನ್ನು ಮಂಗನ ಕಾಯಿಲೆ ಎನ್ನುತ್ತೇವೆ. ಸೊಪ್ಪು, ದರಗು, ಸೌದೆಗೆ ಕಾಡಿಗೆ ಹೋಗುವವರಿಗೆ ಬೇಸಗೆಯ ಮುಂಚಿನ ತಿಂಗಳುಗಳಲ್ಲಿ ಬರುವ ಕಾಯಿಲೆ ಅದು. ಹಾಗಾದರೆ ನಮ್ಮತ್ತೆ ಸತ್ತದ್ದು 1957, 58 ಅಥವಾ 59ರ ಶಿವರಾತ್ರಿಯ ಮುಂಚೆ. ಮೂರು ವರ್ಷಕ್ಕೆ ಶುಲ್ಕ ಕಟ್ಟಿ, ಊರಿನ ಹೆಸರು ಮತ್ತು ಮಾವನ ಹೆಸರು ಬರೆದು ಅರ್ಜಿ ಕೊಟ್ಟೆ.

ನಾಲ್ಕನೆಯ ಸಲ ಹೋದಾಗ ಗುಮಾಸ್ತರು ಒಂದು ಗಂಟನ್ನು ಮೇಜಿನ ಮೇಲೆ ತಂದಿಟ್ಟರು. ಮಾಸಿದ ಕೆಂಪು ಬಟ್ಟೆ. ಬಿಚ್ಚಿದರೆ ಅಂಚೆಲ್ಲ ಕಂದಾಗಿ ಪುಡಿಯುದುರುವ ಉದ್ದನೆಯ ಪುಸ್ತಕ, ನಡುವಿನ ಹಾಳೆಗಳು ಮಾತ್ರ ಇನ್ನೂ ಗಟ್ಟಿ. ಅವರು ಬೆರಳು ಇಟ್ಟು ಸಾಲು ಸಾಲಾಗಿ ಇಳಿದರು. 1958ರ ಫೆಬ್ರವರಿ. ಹೆಸರು, ಅದರ ಮುಂದೆ ‘ಕೋಂ’ ಎಂದು ನಮ್ಮ ಮಾವನ ಹೆಸರು. ವಯಸ್ಸು 25. ಕಸುಬು ಕೂಲಿ. ಕಾರಣ ಜ್ವರ. ಗುಮಾಸ್ತರು ಇಷ್ಟನ್ನೂ ಗಟ್ಟಿಯಾಗಿ ಓದಿ ಹೇಳಿದರು. ಬರೆಸಿದವರ ಕಾಲಂಗೆ ಬಂದಾಗ ಮಾತ್ರ ಓದುವುದಕ್ಕೆ ಏನೂ ಇರಲಿಲ್ಲ. ಒಂದು ಹೆಬ್ಬೆಟ್ಟಿನ ಗುರುತು ಇತ್ತು. ಅದೇ ಪುಟದಲ್ಲಿ ಮೇಲೆ ಕೆಳಗೆ, ಅದೇ ಊರಿನ ಇನ್ನೂ ನಾಲ್ವರ ಮುಂದೆ ‘ಜ್ವರ’ ಎಂದಿತ್ತು. ಆಕೆಯದು ಮಂಗನ ಕಾಯಿಲೆಯೇ ಎಂದು ನಾನು ಹೇಳಲಾರೆ. ಮಲೇರಿಯಾದ ನಾಡು ನಮ್ಮದು, ಎಲ್ಲ ಸಾವಿಗೂ ‘ಜ್ವರ’ ಎಂದು ಬರೆಯುವುದು ರೂಢಿಯಾಗಿತ್ತು. ಆಕೆಯ ಹೆಸರನ್ನು ನಾನು ಈ ವೇದಿಕೆಯಿಂದ ಹೇಳುವುದಿಲ್ಲ. ಅದು ಆಕೆಯ ಮಗಳ ಮನೆಯದು.

ಕೈಗೆ ಸಿಕ್ಕ ನಕಲಿನಲ್ಲಿ ಕಾರಣದ ಕಾಲಂ ಇರಲಿಲ್ಲ. ‘ಅದನ್ನು ಬರೆದುಕೊಡೋ ಹಾಗಿಲ್ಲ ಮೇಷ್ಟ್ರೇ’ ಎಂದರು. ಅವರು ಹೇಳಿದ್ದು ಸರಿ. 17ನೇ ಕಲಮಿನಲ್ಲೇ ಷರತ್ತಿದೆ: ಯಾರಿಗೇ ಕೊಡುವ ನಕಲಾದರೂ ಸಾವಿನ ಕಾರಣವನ್ನು ಅದು ತಿಳಿಸಬಾರದು. ಆತ್ಮಹತ್ಯೆ, ಗರ್ಭಪಾತ, ಸಮಾಜ ಹೆದರುವ ರೋಗಗಳು, ಇವನ್ನು ಊರ ಬಾಯಿಗೆ ಹಾಕದಿರುವುದು ಬದುಕಿರುವವರ ಮಾನದ ಪ್ರಶ್ನೆ. ಆ ಷರತ್ತನ್ನು ನಾನು ಗೌರವಿಸುತ್ತೇನೆ. ಆದರೆ ಅದಕ್ಕೆ ಕಾಲದ ಮಿತಿಯೇ ಇಲ್ಲದಿರುವುದು ನನಗೆ ಒಪ್ಪಿಗೆಯಿಲ್ಲ. ನಿನ್ನೆ ಸತ್ತವರಿಗೂ 1918ರಲ್ಲಿ ಸತ್ತವರಿಗೂ ಒಂದೇ ಮುಚ್ಚಳ ಏಕೆ? ಐವತ್ತೋ ಎಪ್ಪತ್ತೈದೋ ವರ್ಷ ಕಳೆದ ಮೇಲೆ ಆ ಕಾಲಂ ಮನೆಯವರಿಗಾದರೂ ತೆರೆಯಬೇಕು.

ಇದರ ಜೊತೆಗೆ ಇನ್ನೊಂದು ನಷ್ಟ ಸದ್ದಿಲ್ಲದೆ ಆಗಿದೆ. 1999ರ ನಿಯಮಗಳಲ್ಲಿ ಮರಣ ವರದಿಯ ನಮೂನೆಯನ್ನು ಎರಡು ಭಾಗ ಮಾಡಿದರು: ಒಂದು ಕಾನೂನಿನ ಭಾಗ, ಇನ್ನೊಂದು ಅಂಕಿ ಅಂಶದ ಭಾಗ. ಹೆಸರು, ದಿನಾಂಕ, ವಯಸ್ಸು, ತಂದೆ ಅಥವಾ ಗಂಡನ ಹೆಸರು, ಸ್ಥಳ ಇರುವ ಮೊದಲ ಭಾಗ ಮಾತ್ರ ರಿಜಿಸ್ಟರಾಗಿ ಉಳಿಯುತ್ತದೆ. ಕಸುಬು, ಧರ್ಮ, ಯಾವ ಚಿಕಿತ್ಸೆ ಸಿಕ್ಕಿತ್ತು, ಸಾವಿನ ಕಾರಣ, ತಂಬಾಕು ಅಡಿಕೆ ಜಗಿಯುವ ಅಭ್ಯಾಸ ಇತ್ತೇ ಎನ್ನುವ ಪ್ರಶ್ನೆಗಳೆಲ್ಲ ಎರಡನೆಯ ಭಾಗದಲ್ಲಿದ್ದು, ಅದನ್ನು ಹರಿದು ಲೆಕ್ಕಾಚಾರಕ್ಕೆ ಕಳಿಸಲಾಗುತ್ತದೆ. ಅಂದರೆ 1958ರಲ್ಲಿ ಸತ್ತ ನಮ್ಮತ್ತೆ ಕೂಲಿ ಮಾಡುತ್ತಿದ್ದರು ಎಂದು ಪುಸ್ತಕ ಹೇಳುತ್ತದೆ. ಈ ಶತಮಾನದಲ್ಲಿ ಸತ್ತ ನಮ್ಮ ತಂದೆ ಏನು ಮಾಡಿಕೊಂಡಿದ್ದರು ಎಂದು ಅವರ ಮರಣದ ರಿಜಿಸ್ಟರು ನನ್ನ ಮೊಮ್ಮಕ್ಕಳಿಗೆ ಹೇಳುವುದಿಲ್ಲ.

ಹುಡುಕ ಹೊರಟವರು ಎಡವುವ ಜಾಗಗಳು ಕೆಲವಿವೆ. ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲೇ ಹೊರತು ಮನೆ ಇರುವ ಊರಿನಲ್ಲಲ್ಲ. ಬಾಣಂತನಕ್ಕೆ ತವರಿಗೆ ಹೋಗಿ ಸತ್ತವರು ತವರಿನ ಪುಸ್ತಕದಲ್ಲಿರುತ್ತಾರೆ. ಮೆಗ್ಗಾನ್ ಆಸ್ಪತ್ರೆಯಲ್ಲಿ ತೀರಿಕೊಂಡವರು ಶಿವಮೊಗ್ಗ ನಗರದಲ್ಲಿ, ಮಣಿಪಾಲಕ್ಕೆ ಒಯ್ದವರು ಅಲ್ಲಿಯ ದಾಖಲೆಯಲ್ಲಿ ಇರುತ್ತಾರೆ. ತಡವಾಗಿ ಬರೆಸಿದ ಸಾವು ಬರೆಸಿದ ವರ್ಷದ ಪುಸ್ತಕದಲ್ಲಿ ಸಿಗುತ್ತದೆ, ಸತ್ತ ವರ್ಷದ್ದರಲ್ಲಿ ಸಿಗುವುದಿಲ್ಲ. ಹೊನ್ನಾಳಿ, ಚನ್ನಗಿರಿ 1997ರವರೆಗೆ ನಮ್ಮ ಜಿಲ್ಲೆಯಲ್ಲೇ ಇದ್ದವು.

ಎಲ್ಲಕ್ಕಿಂತ ಕಷ್ಟ ಮುಳುಗಡೆಯವರದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಶರಾವತಿ ಕಣಿವೆಯ ಊರುಗಳು ನೀರಿನಡಿ ಹೋದವು, ಜನರನ್ನು ಲಾರಿಗಳಲ್ಲಿ ತಂದು ದೂರದ ಕಾಡಂಚುಗಳಲ್ಲಿ ಇಳಿಸಿದರು. ಅವರ ಮೊಮ್ಮಕ್ಕಳು ಇಂದು ತಾವಿರುವ ಊರಿನ ಹೆಸರು ಹೇಳಿ ಅಜ್ಜನ ಸಾವನ್ನು ಹುಡುಕಿಸುತ್ತಾರೆ, ‘ಇಲ್ಲ’ ಎಂಬ ಉತ್ತರ ಪಡೆದು ಸುಮ್ಮನಾಗುತ್ತಾರೆ. ಅಜ್ಜ ಸತ್ತದ್ದು ಈಗ ಇಲ್ಲದ ಊರಿನಲ್ಲಿ. ಅವನ ಹೆಸರು ಇರುವುದು ಆ ಊರಿನ ಪುಸ್ತಕದಲ್ಲಿ, ಹಳೆಯ ಹೋಬಳಿಯ ಹೆಸರಿನಡಿ. ಊರು ಮುಳುಗಿದ್ದರೂ ಅದರ ಮರಣದ ರಿಜಿಸ್ಟರು ಎಲ್ಲಿದೆ ಎಂದು ಕೇಳಬಹುದು, ಕೇಳಬೇಕು. ಮುಳುಗಿದ ಪ್ರತಿ ಊರಿನ ಹೆಸರು, ಅದರ ಪುಸ್ತಕ ಈಗ ಇರುವ ಕಚೇರಿ, ಎರಡನ್ನೂ ತೋರಿಸುವ ಒಂದು ಪಟ್ಟಿಯನ್ನು ಜಿಲ್ಲಾಡಳಿತ ಪ್ರಕಟಿಸಿದರೆ ಸಾವಿರಾರು ಮನೆಗಳಿಗೆ ಉಪಕಾರವಾಗುತ್ತದೆ.

ಕೊನೆಗೆ, ಪುಸ್ತಕವನ್ನು ನೋಡುವ ಹಕ್ಕಿನ ಮಾತು. 17ನೇ ಕಲಂ ಕೊಡುವುದು ಹುಡುಕಿಸುವ ಹಕ್ಕನ್ನು. ಪುಟ ತಿರುವುವ ಹಕ್ಕನ್ನಲ್ಲ. ಅದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಅದರ ಅರ್ಥ ವಿವರಣೆಯಲ್ಲೇ ದಾಖಲೆಗಳ ಪರಿಶೀಲನೆ ಸೇರಿದೆ. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಆ ಕಾಯ್ದೆಯ ವೈಯಕ್ತಿಕ ಮಾಹಿತಿಯ ವಿನಾಯಿತಿಯನ್ನು ಅಗಲ ಮಾಡಿದೆ, ಇದು ನಮ್ಮಂಥವರಿಗೆ ಚಿಂತೆಯ ವಿಷಯ. ಆದರೆ 20 ವರ್ಷಕ್ಕೂ ಹಿಂದೆ ನಡೆದ ಸಂಗತಿಯ ಮಾಹಿತಿಯನ್ನು, ದೇಶದ ಭದ್ರತೆಯಂಥ ಕೆಲವನ್ನು ಬಿಟ್ಟು, ಕೊಡಬೇಕೆನ್ನುವ 8(3)ನೇ ಉಪಕಲಂ ಹಾಗೆಯೇ ಉಳಿದಿದೆ.

ಇದನ್ನು ನಾನು ಓದಿ ತಿಳಿದದ್ದು ಅತ್ತೆಯ ಮಗಳಿಗಾಗಿ. ಅವರಿಗೆ ಈಗ ಎಪ್ಪತ್ತು. ಅಮ್ಮ ಸತ್ತಾಗ ಮೂರು ವರ್ಷ. ಸಾಕಿದವರು ತಂದೆಯ ಎರಡನೆಯ ಹೆಂಡತಿ, ಆ ಮನೆಯಲ್ಲಿ ಸತ್ತವಳ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ಅತ್ತಿಗೆಗೆ ಓದಲು ಬರುವುದಿಲ್ಲ. ನಾನು ನಕಲನ್ನು ಓದಿ ಹೇಳಿದೆ. ಹೆಸರನ್ನು ಎರಡು ಸಲ ಹೇಳಿಸಿಕೊಂಡರು. ‘ಇಪ್ಪತ್ತೈದೇ?’ ಎಂದರು, ಅವರ ಕಿರಿಯ ಮೊಮ್ಮಗಳಿಗೂ ಈಗ ಅಷ್ಟೇ ವಯಸ್ಸು. ಆಮೇಲೆ ‘ಬರೆಸಿದವರು ಯಾರು?’ ಎಂದು ಕೇಳಿದರು. ಒಂದು ಹೆಬ್ಬೆಟ್ಟಿನ ಗುರುತು ಇತ್ತು, ನಿಮ್ಮಪ್ಪನದೋ ಊರ ತಳವಾರನದೋ ಗೊತ್ತಾಗಲಿಲ್ಲ ಎಂದೆ. ‘ಅದನ್ನ ನಾನು ನೋಡ್ಬೌದಾ?’ ಎಂದರು.

ಕಳೆದ ವಾರ ಮಾಹಿತಿ ಹಕ್ಕಿನಡಿ ಆ ಪುಟದ ಪರಿಶೀಲನೆಗೆ ಅರ್ಜಿ ಕೊಟ್ಟಿದ್ದೇವೆ. ಅರ್ಜಿ ಅತ್ತಿಗೆಯ ಹೆಸರಿನಲ್ಲಿದೆ, ಕೆಳಗೆ ಅವರೇ ಹೆಬ್ಬೆಟ್ಟು ಒತ್ತಿದ್ದಾರೆ. ಉತ್ತರ ಕೊಡಲು ಕಚೇರಿಗೆ ಮೂವತ್ತು ದಿನಗಳ ಅವಕಾಶವಿದೆ.